ಪ್ರಿಪರೇಟರಿಯೂ ಕಬ್ಬಿನ ಪಾಳಿಯೂ

ಮೊನ್ನೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಅಣ್ಣನ ಮಗಳು ಪದ್ಮಾ ಫಸ್ಟ್ ಕ್ಲಾಸ್. ಅಣ್ಣ ಮಾತ್ರ ತಲೆ ತಗ್ಗಿಸಿಕೊಂಡೇ ಪೇಢೆ ಹಂಚುತ್ತಿದ್ದಾನೆ. ಯಾಕೆ ಅಂತೀರಾ? ಫೆಬ್ರವರಿಯಲ್ಲಿ ಇದೇ ಮಹಾಶಯ ಅವಳ ಓದು ಬಿಡಿಸಿ ವರ ನೋಡಲು ಹೊರಟಿದ್ದ.

ಎಲ್ಲ ಪ್ರಿಪರೇಟರಿ ಪರೀಕ್ಷೆಯ ಮಹಿಮೆ. ದೊಡ್ಡ ಪರೀಕ್ಷೆಗೆ ಮುಂಚಿನ ತಾಲೀಮು ಅದು, ಇಡೀ ಅಥಣಿ ತಾಲೂಕಿಗೆ ಒಂದೇ ಪ್ರಶ್ನೆಪತ್ರಿಕೆ. ಅದರ ಅಂಕ ನೋಡಿ ನಮ್ಮೂರ ಹೆಡ್‌ಮಾಸ್ತರರು ದೊಡ್ಡ ಪರೀಕ್ಷೆಯ ಭವಿಷ್ಯ ನುಡಿಯುತ್ತಾರೆ. (ಜ್ಯೋತಿಷಿಗಾದರೆ ದಕ್ಷಿಣೆ ಕೊಡಬೇಕು, ಇವರದು ಫ್ರೀ.) ಪದ್ಮಾ ಗಣಿತ, ಇಂಗ್ಲಿಷ್ ಎರಡರಲ್ಲೂ ಡುಮ್ಕಿ ಹೊಡೆದಿದ್ದಳು. "ನಿಮ್ಮ ಹುಡುಗೀದು ಆಗೂದಿಲ್ರಿ," ಎಂದರು ಮಾಸ್ತರರು ಅಣ್ಣನಿಗೆ. ಪಕ್ಕದ ಮನೆಯ, ದ್ರಾಕ್ಷಿ ಬೆಳೆಯುವ ಬಾಬು ಕಾಕಾನ ಮಗನಿಗೆ "ಡಿಸ್ಟಿಂಕ್ಷನ್ ಗ್ಯಾರಂಟಿ" ಎಂದು ಬೆನ್ನು ತಟ್ಟಿದರು.

ಅಣ್ಣ ಮನೆಗೆ ಬಂದವನೇ ಪುಸ್ತಕ ಕಟ್ಟಿಡು ಎಂದ. ಪದ್ಮಾ ಊಟ ಬಿಟ್ಟಳು. ನನಗೆ ಕೆಟ್ಟ ಸಿಟ್ಟು ಬಂತು. ಆದರೆ ಅಣ್ಣನ ಎದುರು ಸಿಟ್ಟು ತೋರಿಸುವ ಧೈರ್ಯ ನಮ್ಮ ಮನೆಯಲ್ಲಿ ಅವನ ಹೆಂಡತಿ, ನಮ್ಮ ವೈನಿಗೆ ಮಾತ್ರ ಉಂಟು.

"ಫ್ಯಾಕ್ಟರಿಯವ್ರು ಒಂದ ಕಬ್ಬಿನ ಗಳಾ ಹಿಂಡಿ ಇಡೀ ಹೊಲದ ಸಕ್ರಿ ಹೇಳತಾರ. ಇದೂ ಹಂಗ," ಎಂದ ಅಣ್ಣ.

"ಬಲಿಯೂದ್ಕಿಂತ ಮೊದ್ಲ ಹಿಂಡಿದ್ರ ಸಕ್ರಿ ಎಲ್ಲಿಂದ ಬರಬೇಕ್ರಿ?" ಎಂದರು ವೈನಿ. "ಪರೀಕ್ಷಾ ಇದ್ದ ವಾರನ ಫ್ಯಾಕ್ಟರಿಯಿಂದ ನಮ್ಮ ಕಬ್ಬ ಕಡಿಯೂ ಪಾಳಿ ಬಂತು. ನಾವಿಬ್ಬರೂ ಹೊಲದಾಗ. ಹುಡುಗಿ ನಸುಕಿನ್ಯಾಗ ಎದ್ದು ಎಲ್ಲಾರಿಗೂ ರೊಟ್ಟಿ ಬಡದು, ಬುತ್ತಿ ಕಟ್ಟಿ, ಆಮ್ಯಾಲ ಪೇಪರ್ ಬರ್ಯಾಕ ಹೋಗ್ಯಾಳ. ನಿಮಗ ನೆನಪೈತಿ?"

ಅಣ್ಣ ತಾನೇ ಪುಸ್ತಕದ ಗಂಟು ಬಿಚ್ಚಿದ. ಕಬ್ಬು ಫ್ಯಾಕ್ಟರಿ ಸೇರಿತ್ತು, ಪದ್ಮಾ ನೆಮ್ಮದಿಯಾಗಿ ಓದಿದಳು.

ಅತ್ತ ದೊಡ್ಡ ಪರೀಕ್ಷೆಯ ಹೊತ್ತಿಗೇ ದ್ರಾಕ್ಷಿ ಹಣ್ಣಾಗಬೇಕೇ? ಬಾಬು ಕಾಕಾನ ಮಗ ತೋಟದಲ್ಲಿ ಪೆಟ್ಟಿಗೆ ತುಂಬಿ ತುಂಬಿ ಸುಸ್ತಾಗಿ, ಪರೀಕ್ಷೆಯಲ್ಲಿ ಆಕಳಿಸಿದ. ಗ್ಯಾರಂಟಿ ನಪಾಸಾಯಿತು. ಪಾಪ, ಜಾಣ ಹುಡುಗ.

ಭವಿಷ್ಯ ಯಾಕೆ ತಲೆಕೆಳಗಾಯಿತು ಎಂದು ಹೆಡ್‌ಮಾಸ್ತರರನ್ನು ಕೇಳಿದೆ.

"ಪ್ರಿಪರೇಟರಿ ಸುಳ್ಳಾಗೂದಿಲ್ರಿ. ಹುಡುಗರು ಬದಲಾಗ್ಯಾರ," ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. "ಈ ಮಾರ್ಕ್ಸ್ ನೋಡಿದ್ರ ನಿಮ್ಮ ಪದ್ಮಾಗ ಪಿಯುಸಿ ಸೈನ್ಸೂ ಸಲೀಸ್ರಿ."

ನಿನ್ನೆ ಅಣ್ಣ ಈ ಹೊಸ ಭವಿಷ್ಯವನ್ನು ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದ. ಕಾಲೇಜಿಗೆ ಹಚ್ಚುವುದು ಖಾತ್ರಿಯಂತೆ. ಪದ್ಮಾಳ ಮುಖ ಅರಳಿತು. ನಾನೂ ತಲೆಯಾಡಿಸಿದೆ.

ವೈನಿ ಅಣ್ಣನನ್ನೂ ನನ್ನನ್ನೂ ನೋಡಿ ಕೇಳಿದರು: "ಹೌದ್ರಿ, ಮುಂದಿನ ಕಬ್ಬಿನ ಪಾಳಿಗೆ ರೊಟ್ಟಿ ಬಡಿಯೂದು ನಿಮ್ಮಿಬ್ಬರಾಗ ಯಾರು?"