ಅಲಾರಂ ಮಾಮ
ಮೊದಲ ತಪ್ಪಿಗೆ ಸಿಕ್ಕಿಬಿದ್ದ ಮಕ್ಕಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ತಿದ್ದುವ ನಮ್ಮ ಕಚೇರಿಯಲ್ಲಿ, ನನ್ನ ಗೆಳೆಯನಿಗೆ ಆ ಮಕ್ಕಳೇ ಇಟ್ಟ ಹೆಸರು ಅಲಾರಂ ಮಾಮ. ಆರು ತಿಂಗಳು, ಕಚೇರಿಯಲ್ಲಿ ವಾರಕ್ಕೊಂದು ಭೇಟಿ. ಮೂರು ಸಲ ತಪ್ಪಿಸಿದರೆ ಕಡತ ಕೋರ್ಟಿಗೆ. ಭೇಟಿಯ ದಿನ ಬೆಳಗ್ಗೆ ಎಂಟಕ್ಕೇ ಇವನು ಅವರ ಮನೆ ಬಾಗಿಲಲ್ಲಿ ಹಾಜರು. "ಏಳೋ ಮಹಾರಾಯ, ನೀನೆದ್ದ ಮೇಲೇ ಸೂರ್ಯ ಹುಟ್ಟಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಚಪ್ಪಲಿ ಹುಡುಕಿಕೊಡುತ್ತಿದ್ದ, ಪುಟ್ಟ ತಂಗಿಯನ್ನು ನೋಡಿಕೊಳ್ಳುವವರಿಲ್ಲ ಎಂದರೆ ಅವಳನ್ನೂ ಹೆಗಲಿಗೇರಿಸಿಕೊಂಡು ಬಸ್ಸು ಹತ್ತುತ್ತಿದ್ದ. "ಒಂದು ಫೋನ್ ಮಾಡಿದ್ರೆ ಸಾಲ್ದೇನೋ?" ಎಂದು ನಾನು ರೇಗಿಸಿದರೆ, "ಫೋನು ಕೈ ಹಿಡಿದು ಬಸ್ ಹತ್ತಿಸುತ್ತೇನೋ?" ಎನ್ನುತ್ತಿದ್ದ. ಅವನ ಪಾಲಿಗೆ ಬಂದ ಮಕ್ಕಳಲ್ಲಿ ಕೋರ್ಟು ಕಂಡವರು ಬೆರಳೆಣಿಕೆಯಷ್ಟು. ಆಸ್ಪತ್ರೆ ಸೇರಿ, ಎದ್ದು ಕೂರಲಾಗದ ಸ್ಥಿತಿಯಲ್ಲೂ ನನ್ನನ್ನು ಹತ್ತಿರ ಕರೆದು, "ಅಂಗಡೀಲಿ ವಾಚ್ ಕದ್ದಿದ್ಲಲ್ಲ, ಆ ಹುಡುಗಿ ಆಗ್ಲೇ ಎರಡು ಸಲ ತಪ್ಪಿಸಿದ್ದಾಳೆ. ಸೋಮವಾರ ನೀನೇ ಹೋಗಿ ಕರ್ಕೊಂಡು ಬಾ" ಅಂದ. ಹೂಂ ಅಂದೆ. ಸೋಮವಾರ ಕಚೇರಿಯಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ, ಸುಮ್ಮನಾದೆ. ಅವಳು ಬರಲಿಲ್ಲ. ಸಂಜೆ ಆಸ್ಪತ್ರೆಗೆ ಹೋದಾಗ ಅವನು ಕಣ್ಣು ಬಿಟ್ಟು, "ಬಂದ್ಲಾ?" ಎಂದು ಕೇಳಿದ. "ಬಂದ್ಲು ಕಣೋ, ನಿನ್ನನ್ನ ವಿಚಾರಿಸಿದ್ಲು" ಅಂದುಬಿಟ್ಟೆ. ಅವನ ಮುಖ ಅರಳಿತು. ಗುರುವಾರ ಅವನು ತೀರಿಕೊಂಡ. ಶುಕ್ರವಾರ ಅವಳ ಕಡತವನ್ನು ಕೋರ್ಟಿಗೆ ಕಳಿಸುವ ಪತ್ರಕ್ಕೆ ಸಹಿ ಹಾಕಿದವನು ನಾನೇ.