ಏಳು ನಿಮಿಷದ ನೀರು

ಅರ್ಧ ಬಂದರೆ ಮೇಲಕ್ಕೆ ಏರಿಸಬೇಕು ಎಂದು ನನಗೆ ನಾಲ್ಕನೇ ಇಯತ್ತೆಯಲ್ಲಿ ಕಲಿಸಿದ್ದರು. ನಲವತ್ತೂವರೆ ಎಂದರೆ ನಲವತ್ತೊಂದು. ರಾಯಬಾಗದಲ್ಲಿ ಗಣಿತದ ಮಾಸ್ತರನಾಗಿ ಇಷ್ಟು ವರ್ಷ ನಾನೂ ಅದನ್ನೇ ಕಲಿಸಿದೆ. ಹಾಗಿರುವಾಗ, ನಾನು ಪ್ರೋಗ್ರಾಂ ಬರೆಯುವ ಭಾಷೆಯ ಹೊಸ ಆವೃತ್ತಿ ಹಾಕಿದ ದಿನ ಎಂಟು ಟೆಸ್ಟ್‌ಗಳು ಕೆಂಪಾಗಿ ಬಿದ್ದವು. ಕಾರಣ ಹುಡುಕಿದರೆ, ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗಬೇಕಂತೆ! ನಲವತ್ತೂವರೆ ಇನ್ನು ಮೇಲೆ ನಲವತ್ತು. ನಲವತ್ತೊಂದೂವರೆ ಮಾತ್ರ ನಲವತ್ತೆರಡು. ಇವರು ಯಾರನ್ನು ಕೇಳಿ ಇದನ್ನು ಮಾಡಿದರು? ಹಳೆಯದನ್ನೇ ಇಟ್ಟುಕೊಳ್ಳೋಣವೆಂದರೆ ನೀರಿನ ಸಂಘದವರು ತಂದ ಹೊಸ ಕಂಪ್ಯೂಟರಿನಲ್ಲಿ ಅದು ಕೂರಲೇ ಇಲ್ಲ. ನನ್ನ ಪಿತ್ತ ನೆತ್ತಿಗೇರಿತು.

ನಾನು ಬರೆದದ್ದು ಒಂದು ಸಣ್ಣ ಲೈಬ್ರರಿ. ಪುಸ್ತಕದ್ದಲ್ಲ, ಬೇರೆಯವರು ತಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳಬಹುದಾದ ಸಿದ್ಧ ಲೆಕ್ಕ. ನಮ್ಮ ಕಡೆ ಹೊಳೆಯ ನೀರನ್ನು ಪಂಪಿನಿಂದ ಎತ್ತಿ ಒಂದು ಕಾಲುವೆಗೆ ಬಿಡುತ್ತಾರೆ. ಆ ಕಾಲುವೆಯ ಮೇಲೆ ಇಪ್ಪತ್ತೆರಡು ಹೊಲ. ಕರೆಂಟು ಇರುವಷ್ಟು ಹೊತ್ತನ್ನು ಪಾಳಿಯ ಪ್ರಕಾರ ಹಂಚಬೇಕು. ಗುಂಟೆಗೆ ಇಷ್ಟು ನಿಮಿಷ, ಜೊತೆಗೆ ನೀರು ಹೊಲಕ್ಕೆ ಹರಿದು ಮುಟ್ಟಲು ಇಷ್ಟು. ಈ ಹಂಚಿಕೆಯನ್ನು ನನ್ನ ಲೈಬ್ರರಿ ಮಾಡುತ್ತದೆ. ಅಥಣಿ, ಕಾಗವಾಡದ ಕಡೆಯ ಒಂದೆರಡು ಸಂಘಗಳೂ ಅದನ್ನು ಬಳಸುತ್ತವೆ.

ಟೆಸ್ಟ್ ಎಂದರೆ ಸರಿಯುತ್ತರ ಮೊದಲೇ ಬರೆದಿಟ್ಟ ಪ್ರಶ್ನೆ. ಇಂಥವರ ಹೊಲಕ್ಕೆ ಎಷ್ಟು ನಿಮಿಷ? ಪ್ರೋಗ್ರಾಂ ಬೇರೆ ಉತ್ತರ ಕೊಟ್ಟರೆ ಕೆಂಪು, ಅದೇ ಕೊಟ್ಟರೆ ಹಸಿರು. ಹೊಲಕ್ಕೊಂದರಂತೆ ಇಪ್ಪತ್ತೆರಡು ಟೆಸ್ಟ್ ಬರೆದಿದ್ದೆ. ಒಂದೊಂದರ ಹಿಂದೆಯೂ ಒಂದು ಜಗಳ ಮುಗಿದಿದೆ. ಕೈಯಲ್ಲಿ ಸಲಿಕೆ ಹಿಡಿದವರ ನಡುವೆ ನಿಂತು ಬಗೆಹರಿಸಿದ ನಿಮಿಷಗಳವು. ಅದಕ್ಕೇ ಅವನ್ನು ಯಾರಾದರೂ ಮುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮುಟ್ಟಿದವನು ಚಿಕ್ಕೋಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮನುಷ್ಯ. ಬಿಡುವಿದ್ದಾಗ ಈ ಲೈಬ್ರರಿ ನೋಡಿಕೊಳ್ಳಲು ನನ್ನ ಜೊತೆ ಕೈಜೋಡಿಸುತ್ತಾನೆ. ಫೋನಿನಲ್ಲಿ ಕೆಂಪಿನ ಕಥೆ ಹೇಳಿದರೆ, “ಸರ್, ಅದಕ್ಯಾಕ ತಲಿ ಕೆಡಿಸ್ಕೋತೀರಿ? ಈಗೇನ ಉತ್ತರ ಬರ್ತೈತಿ ಅದನ್ನ ಟೆಸ್ಟಿನ್ಯಾಗ ಬರದ್ರ ಆತು” ಅಂದ. ತಮಾಷೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಹಾಗೇ ಮಾಡಿಟ್ಟಿದ್ದಾನೆ. ಇಪ್ಪತ್ತೆರಡೂ ಹಸಿರು.

“ಹುಡುಗೂರು ತಪ್ಪ ಬರದ್ರ ನೀವು ಸರಿ ಉತ್ತರಾನ ಅಳಿಸಿ ಅವರ ಉತ್ತರ ಬರೀತೀರೇನ್ರಿ?” ಎಂದು ಕೂಗಿದೆ.

“ಒಂದ ಮಿನಿಟಿನ್ಯಾಗ ಏನ ಫರಕ ಬೀಳ್ತೈತ್ರಿ ಸರ್?”

“ಕಾಲಿವಿ ಮ್ಯಾಲ ಒಂದ ದಿನಾರ ನಿಂತೀರೇನು? ಮಿನಿಟಿಗೆ ತಲಿ ಒಡೀತಾವ ಅಲ್ಲಿ!”

ಫೋನ್ ಇಟ್ಟು, ಅವನು ಬದಲಿಸಿದ ಎಂಟು ಉತ್ತರಗಳನ್ನು ಒಂದೊಂದಾಗಿ ಮೊದಲಿನಂತೆ ಮಾಡಲು ಕುಳಿತೆ. ಏಳು ಹೊಲಗಳಿಗೆ ಒಂದೊಂದು ನಿಮಿಷ ಕಡಿಮೆಯಾಗಿತ್ತು. ಬೈಯುತ್ತಲೇ ತಿದ್ದಿದೆ. ಎಂಟನೆಯದು ಕಾಲುವೆಯ ತುದಿಯ ಇಪ್ಪತ್ತು ಗುಂಟೆ. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಅರಿಷಿಣ ಬೆಳೆಯುತ್ತಾಳೆ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತದೆ. ಆಕೆಯ ನೀರಿಗೂ ಕೈ ಹಾಕಿದನೇ ಎಂದು ಸಿಟ್ಟಿನಿಂದ ನೋಡಿದರೆ, ಕಡಿಮೆಯಾಗಿಲ್ಲ. ಮೂವತ್ನಾಲ್ಕು ಇದ್ದದ್ದು ನಲವತ್ತೊಂದು ಆಗಿದೆ.

ಒಂದಲ್ಲ ಎರಡಲ್ಲ, ಏಳು ನಿಮಿಷ ಹೆಚ್ಚು. ಹಾಳೆ ತೆಗೆದು ಕೈಯಿಂದ ಲೆಕ್ಕ ಹಾಕಿದೆ. ಇಪ್ಪತ್ತು ಗುಂಟೆಗೆ ಮೂವತ್ತು, ತುದಿಗೆ ನೀರು ಮುಟ್ಟಲು ಹನ್ನೊಂದು. ನಲವತ್ತೊಂದು. ಇನ್ನೊಮ್ಮೆ ಹಾಕಿದರೂ ಅಷ್ಟೇ.

ಹದಿನಾಲ್ಕು ಹೊಲಗಳ ಲೆಕ್ಕದಲ್ಲಿ ಅರ್ಧ ನಿಮಿಷ ಬರುತ್ತಿತ್ತು. ಹಳೆಯ ಆವೃತ್ತಿ ಹದಿನಾಲ್ಕನ್ನೂ ಮೇಲಕ್ಕೆ ಏರಿಸುತ್ತಿತ್ತು. ಒಟ್ಟು ಏಳು ನಿಮಿಷ ಹೆಚ್ಚಾಗುತ್ತಿತ್ತು. ಕರೆಂಟಿನ ಹೊತ್ತು ಮೀರದಂತೆ, ಹೆಚ್ಚಾದದ್ದನ್ನು ಪಟ್ಟಿಯ ಕೊನೆಯವರ, ಎಂದರೆ ಆಯಿಯ, ಪಾಳಿಯಲ್ಲಿ ಕಳೆಯಬೇಕೆಂದು ಒಂದು ಸಾಲು ಬರೆದವನು ನಾನು. ಹೊಸ ನಿಯಮವೇನೂ ನ್ಯಾಯ ಬಲ್ಲದ್ದಲ್ಲ. ಅದರಲ್ಲಿ ಏಳು ಮಂದಿ ಮೇಲೆ, ಏಳು ಮಂದಿ ಕೆಳಗೆ ಹೋದದ್ದರಿಂದ ಆಕೆಯಿಂದ ಕಳೆಯಲು ಏನೂ ಉಳಿಯಲಿಲ್ಲ, ಅಷ್ಟೆ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಆಕೆ ಸಂಘದ ಸಭೆಗೆ ಬಂದಿದ್ದಳು. “ನನ್ನ ಪಾಳಿ ಮುಗದ ಮ್ಯಾಲೂ ನಾಕ ಸಾಲ ಒಣಾ ಉಳೀತಾವ್ರಿ ಮಾಸ್ತರ. ನೀರ ಕಡಿಮಿ ಬರಾಕತ್ತೈತಿ.” ನಾನು ಎಲ್ಲರೆದುರು ಪ್ರೋಗ್ರಾಂ ಓಡಿಸಿದೆ. ಮೂವತ್ನಾಲ್ಕು ಬಂತು. “ಮಷೀನ ಸುಳ್ಳ ಹೇಳೂದಿಲ್ಲ ಆಯಿ” ಎಂದೆ. ಜನ ನಕ್ಕರು. ಒಬ್ಬನಂತೂ ಆಯಿಗೆ ಕಣ್ಣು ಕಾಣುವುದಿಲ್ಲ ಅಂದ. ಆಕೆ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಈ ತಕರಾರು ಮತ್ತೆ ಬರಬಾರದೆಂದು ಅಂದೇ ಮಧ್ಯಾಹ್ನ ಟೆಸ್ಟ್ ಬರೆದೆ. ಸರಿಯುತ್ತರ: ಮೂವತ್ನಾಲ್ಕು. ಆ ಒಂದು ಹೊಲಕ್ಕೆ ಮಾತ್ರ ಕೈಲೆಕ್ಕ ಹಾಕಿರಲಿಲ್ಲ. ಮಷೀನು ಹೇಳಿದ್ದನ್ನೇ ಬರೆದಿಟ್ಟಿದ್ದೆ. ಚಿಕ್ಕೋಡಿಯವನನ್ನು ಬೆಳಿಗ್ಗೆಯಿಂದ ಯಾವುದಕ್ಕೆ ಬೈದಿದ್ದೆನೋ ಅದೇ ಕೆಲಸ. ಅವನಾದರೂ ಯಾರ ಮುಖ ನೋಡಿಯೂ ಮಾಡಿದ್ದಲ್ಲ. ನಾನು ಆಕೆಯನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕೊನೆಯವರಲ್ಲಿ ಕಳೆಯುವ ಆ ಸಾಲನ್ನು ಅಳಿಸಿ, ನಿಮಿಷ ಬಿಟ್ಟು ಸೆಕೆಂಡಿನಲ್ಲಿ ಲೆಕ್ಕ ಬರುವಂತೆ ಮಾಡಿ, ಇಪ್ಪತ್ತೆರಡೂ ಉತ್ತರಗಳನ್ನು ಕೈಯಿಂದ ಹಾಕಿ ಬರೆದೆ. ಚಿಕ್ಕೋಡಿಯವನಿಗೆ ಇನ್ನೂ ಕ್ಷಮೆ ಕೇಳಿಲ್ಲ. ಅವನು ಮಾಡಿದ್ದೂ ತಪ್ಪೇ.

ಆಯಿ ಹೊಲದಲ್ಲಿ ಕುರ್ಚಿಗಿಯಿಂದ ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ನಿಂತು, “ಆಯಿ, ನಿನ್ನ ಪಾಳಿ ಏಳ ಮಿನಿಟ ಕಡಿಮಿ ಬರ್ತಿತ್ತು. ತಪ್ಪ ನಂದು” ಎಂದೆ.

“ಮಷೀನಿಂದಲ್ಲ?”

“ಅಲ್ಲ. ನಂದು.”

ಆಕೆ ಕುರ್ಚಿಗಿ ಕೆಳಗಿಟ್ಟು ನನ್ನನ್ನು ನೋಡಿದಳು. “ಅವತ್ತ ಮಂದಿ ಮುಂದ ನನ್ನ ಸುಳ್ಳ ಮಾಡಿದ್ರಿ. ಇಲ್ಲಿ ನಾ ಒಬ್ಬಾಕಿ ಅದೇನಿ. ಮಂದಿ ಮುಂದ ಹೇಳ್ರಿ.”

ಮುಂದಿನ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಕಣ್ಣು ಕಾಣುವುದಿಲ್ಲ ಅಂದಿದ್ದವನೇ ಮೊದಲು ಬಾಯಿ ತೆಗೆದ: “ಹಂಗಾದ್ರ ನಮ್ಮ ಪಾಳ್ಯಾಗ ಅರ್ಧಾ ಮಿನಿಟ ಹೋತ ಅನ್ರಿ.”

“ಅದು ನಿಮ್ಮದ ಇರಲೇ ಇಲ್ರಿ!” ಎಂದು ನಾನು ಕಿರುಚಿದೆ.

ಆಯಿ ಅವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಕುಳಿತವರನ್ನೆಲ್ಲ ಒಮ್ಮೆ ನೋಡಿ, “ನಾಕ ಸಾಲ ಒಣಾ ಅಂತ ಅವತ್ತ ಹೇಳಿದ್ದೆ” ಅಂದಳು.