ಚಾಂಪಿಯನ್ ಕಿವಿಯಿಟ್ಟು ಕೇಳಿದ ರಾಶಿ

ಅದು ೧೯೮೪. ಬಹರೈನ್‌ನ ಹಮದ್ ಟೌನಿನ ಹೊಸ ಮನೆಗಳಿಗೆ ಜಿಪ್ಸಮ್ ಪುಡಿ ಒದಗಿಸುತ್ತಿದ್ದ ಗುತ್ತಿಗೆದಾರನೊಬ್ಬನ ಗೋದಾಮಿನಲ್ಲಿ ನಾನು ಹಾಜರಿ ಗುಮಾಸ್ತನಾಗಿದ್ದೆ. ಮಂಗಳೂರಿನಲ್ಲಿ ಪದವಿ ಮುಗಿಸಿ ಬಂದು ವರ್ಷವಾಗಿತ್ತಷ್ಟೆ. ಅಲ್ಲಿನ ಸುರಕ್ಷತಾ ಅಧಿಕಾರಿ ಯೋಸೆಫ್ ಆಸ್ಟ್ರಿಯಾದವರು. ಹಿಮದ ಕಡಿದಾದ ಇಳಿಜಾರಿನಲ್ಲಿ ಜಾರುವ ಸ್ಪರ್ಧೆಯಲ್ಲಿ ಎರಡು ಬಾರಿ ಚಾಂಪಿಯನ್ ಆಗಿದ್ದವರು. ಅವರ ಎಚ್ಚರಿಕೆಯನ್ನು ಸಂಘಟಕರು ಕಡೆಗಣಿಸಿದ ದಿನ ಜೊತೆಗಾರನೊಬ್ಬ ಹಿಮಕುಸಿತದಲ್ಲಿ ಹೂತುಹೋದನಂತೆ. ಅಂದೇ ಸ್ಪರ್ಧೆ ಬಿಟ್ಟರಂತೆ.

"ಮರಳುಗಾಡಿಗೆ ಹಿಮದ ಪೈಲ್ವಾನ!" ಎಂದು ಮೇಸ್ತ್ರಿ ಸದಾನಂದಣ್ಣ ನಗುತ್ತಿದ್ದರು.

ರಾಶಿಯ ತಳದಲ್ಲಿದ್ದ ತೂಬಿನಿಂದ ಲಾರಿಗೆ ಪುಡಿ ಸುರಿದಂತೆಲ್ಲ ಒಳಗೆ ಟೊಳ್ಳಾಗಿ, ಮೇಲ್ಪದರ ಮಾತ್ರ ಗಟ್ಟಿಯಾಗಿ ನಿಲ್ಲುತ್ತಿತ್ತು. ಹಗ್ಗ ಕಟ್ಟಿಕೊಳ್ಳದೆ ಅದರ ಮೇಲೆ ಯಾರೂ ಹತ್ತಬಾರದೆಂದು ಯೋಸೆಫ್ ಪತ್ರ ಬರೆದರು. ಮ್ಯಾನೇಜರ್ ಅದನ್ನು ಓದದೆಯೇ ನನ್ನತ್ತ ಎಸೆದ. ನಾನು ಫೈಲಿಗೆ ಸೇರಿಸಿದೆ.

ಒಂದು ಮಧ್ಯಾಹ್ನ ರಾಶಿ ಅಳೆಯಲು ನಾನೂ ಸದಾನಂದಣ್ಣನೂ ಹತ್ತಿದೆವು. ಆ ಬಿಳುಪಿನ ನಡುವೆ ನಮ್ಮ ಮಾತಿಗೆ ಪ್ರತಿಧ್ವನಿಯೇ ಇರಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಬಂದ ಯೋಸೆಫ್ ಮಂಡಿಯೂರಿ ರಾಶಿಗೆ ಕಿವಿಯಿಟ್ಟರು.

"ಲೇಟೋ! ನೀಚೆ ಖಾಲಿ!" ಎಂದು ತಮ್ಮ ಹರಕು ಹಿಂದಿಯಲ್ಲಿ ಕೂಗಿದರು.

"ಎಂತದಂತೆ ಮಾರಾಯ ಇವರದ್ದು?"

"ಮಲಗ್ಬೇಕಂತೆ ಸದಾನಂದಣ್ಣ, ಅಡಿಯಲ್ಲಿ ಟೊಳ್ಳಂತೆ!"

ತೆವಳಿ ಅಂಚು ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ನಿಟ್ಟುಸಿರಿಟ್ಟಂತಾಯಿತು. ನಾವು ನಿಂತಿದ್ದ ಜಾಗ ಮೆಲ್ಲನೆ ಒಳಗಿಳಿದು ಮತ್ತೆ ನುಣುಪಾಗಿ ಮುಚ್ಚಿಕೊಂಡಿತು. ನಮ್ಮ ಹೆಜ್ಜೆಗುರುತುಗಳು ನಡುವಿನವರೆಗೆ ಹೋಗಿ ಅಲ್ಲೇ ಮುಗಿದಿದ್ದವು.

ಕುಸಿದ ಪುಡಿಯ ಜೊತೆ ತೂಬಿನಿಂದ ಹವಾಯಿ ಚಪ್ಪಲಿಯೊಂದು ಹೊರಬಿತ್ತು. ಅದರ ನೀಲಿ ಪಟ್ಟಿಗೆ ತಂತಿ ಸುತ್ತಿತ್ತು. ನಾವಿಬ್ಬರೂ ಬೂಟು ಹಾಕಿದ್ದೆವು.

"ಇದು ಕೂಸಪ್ಪಂದಲ್ವನಾ?" ಸದಾನಂದಣ್ಣ ಚಪ್ಪಲಿಯನ್ನು ಎತ್ತಿಕೊಂಡರು.

ರಾಶಿ ಕೆದರುತ್ತಿದ್ದ ಕೂಸಪ್ಪಣ್ಣ ಒಂಬತ್ತು ದಿನಗಳಿಂದ ಬಂದಿರಲಿಲ್ಲ. ಮ್ಯಾನೇಜರನ ಮಾತಿನಂತೆ ಅವರ ಹೆಸರಿನ ಮುಂದೆ 'ಪರಾರಿ' ಎಂದು ಬರೆದವನು ನಾನೇ.

"ಚಪ್ಪಲಿ ಎಲ್ಲಿ ಬೇಕಾದರೂ ಬಿದ್ದಿರುತ್ತದೆ. ಲೋಡಿಂಗ್ ನಿಲ್ಲಬಾರದು," ಎಂದ ಮ್ಯಾನೇಜರ್. ಯೋಸೆಫ್ ತೂಬಿಗೆ ಅಡ್ಡಲಾಗಿ ಕುಳಿತರು. ಅಗೆಯುವವರೆಗೆ ಏಳಲಿಲ್ಲ.

ಸಂಜೆಗೆ ಕೂಸಪ್ಪಣ್ಣನ ದೇಹ ಸಿಕ್ಕಿತು. 'ಪರಾರಿ'ಯಾಗಿದ್ದ ಅವರ ಪಾಸ್‌ಪೋರ್ಟ್ ಅಷ್ಟೂ ದಿನ ಮ್ಯಾನೇಜರನ ಕಪಾಟಿನಲ್ಲೇ ಇತ್ತು!

ಯೋಸೆಫ್ ಬರೆದಿದ್ದ ಆ ಪತ್ರವನ್ನೂ ಹಾಜರಿ ಪುಸ್ತಕವನ್ನೂ ನಾನೇ ಪೊಲೀಸರಿಗೆ ಒಪ್ಪಿಸಿದೆ. ಮರುವಾರ ಗುತ್ತಿಗೆದಾರ ಯೋಸೆಫ್‌ರನ್ನು ಅವರ ಊರಿಗೆ ಕಳುಹಿಸಿಬಿಟ್ಟ. ಅವರ ಪದಕಗಳನ್ನು ನಾನು ಕಂಡವನಲ್ಲ. ಗೋದಾಮಿನ ಬಾಗಿಲಲ್ಲಿ ಅವರು ಕಟ್ಟಿಹೋದ ಹಗ್ಗವನ್ನು ಮಾತ್ರ ದಿನವೂ ಮುಟ್ಟಿ ಒಳಗೆ ಹೋಗುತ್ತಿದ್ದೆ.

ಪತ್ರವನ್ನು ಎಸೆದವನು ಉತ್ತರ ಕೊಡಬೇಕು. ಅದನ್ನು ಫೈಲಿಗೆ ಸೇರಿಸಿದ ನಾನೂ ಕೊಡಬೇಕು. ಒಂಬತ್ತು ದಿನ ಕೂಸಪ್ಪಣ್ಣನ ಮೇಲೆಯೇ ನಡೆದಾಡುತ್ತ, ಅವರನ್ನು ಓಡಿಹೋದವರೆಂದು ಕರೆದಿದ್ದೆವು.